ಕನ್ನಡಿಯೊಳಗಿನ ಅಂಜೂರ

ಕನ್ನಡಿ ಒಂದಡಿ ಆಚೆ ಇದ್ದಿದ್ದರೆ ಆ ಮರ ಉಳಿಯುತ್ತಿತ್ತೇನೋ. ಅಳಿಯನ ಕ್ಷೌರದಂಗಡಿಯ ಕನ್ನಡಿಯಲ್ಲಿ ಗಿರಾಕಿಯ ತಲೆಯ ಪಕ್ಕದಲ್ಲೇ, ಕಿಟಕಿಯಾಚೆಯ ಹಿತ್ತಲಿನ ಅಂಜೂರವೂ ಕಾಣುತ್ತಿತ್ತು, ಮುಂದಿನ ಸರದಿ ತನ್ನದೇ ಎಂಬಂತೆ.

ಹದಿನೈದು ವರ್ಷದ ಮರ. ಹೋದ ತಿಂಗಳು ಅತ್ತೆ ತಮ್ಮ ಮನೆ ಬಿಟ್ಟು ಮಗಳ ಮನೆಗೆ ಬಂದಾಗ, ತೀರಿಹೋದ ಮಾವ ನೆಟ್ಟಿದ್ದನ್ನು ಬಿಟ್ಟು ಬರಲಾರದೆ, ಬೇರು ಮಣ್ಣು ಸಮೇತ ಇಲ್ಲಿಗೆ ತರಿಸಿದ್ದರು. ವಾರದ ಹಿಂದೆ ತಂಗಿಯ ಮನೆಗೆ ಹೊರಡುವಾಗ ಹೇಳಿದ್ದರು:

"ಅಳಿಯಂದ್ರೇ, ಬೇರು ಕಚ್ಚಿಕೊಳ್ಳೋವರೆಗೂ ಎಲೇನೇ ಅದಕ್ಕೆ ಅನ್ನ. ಚಳಿಗಾಲಕ್ಕೆ ಎಲೆ ಉದುರಿ ಮರ ಮಲಗಲಿ, ಆಮೇಲೆ ಸವರೋಣ. ಅಲ್ಲೀವರೆಗೆ ಒಣಗಿದ್ದು ಬಿಟ್ಟು ಬೇರೇನೂ ಮುಟ್ಬೇಡಿ. ನಿಮ್ಮ ಕೈ ಸುಮ್ನಿರಲ್ಲ, ಅದಕ್ಕೇ ಹೇಳ್ದೆ."

ಹೆಂಡತಿ ಮುಸಿಮುಸಿ ನಕ್ಕಿದ್ದಳು. ಅವನ ಕಿವಿ ಬಿಸಿಯಾಗಿತ್ತು. ಮದುವೆಯಾಗಿ ಎಂಟು ವರ್ಷ. ಈ ಸಲವಾದರೂ ಅತ್ತೆಯಿಂದ ಸೈ ಅನ್ನಿಸಿಕೊಳ್ಳಬೇಕೆಂದು ಹಠ ಹಿಡಿದು ಆರು ದಿನ ಬರೀ ನೀರು ಹಾಕಿದ.

ಏಳನೆಯ ದಿನ, ಅತ್ತೆ ಸಂಜೆಗೆ ಬರುವವರಿದ್ದಾಗ, ಡ್ರಾಯಿಂಗ್ ಮೇಷ್ಟ್ರು ಬಂದು ಕುರ್ಚಿಯಲ್ಲಿ ಕೂತರು.

"ಮರದ ಎಡಗಡೆ ಒಂದು ಕೊಂಬೆ ಕಮ್ಮಿ ಕಣಯ್ಯ. ವಾಲಿದ ಹಾಗಿದೆ."

ಹೌದು. ಸಾಗಿಸುವಾಗ ಮುರಿದಿರಬೇಕು ಅಂದುಕೊಂಡ. "ಮುಟ್ಟಬಾರದಂತೆ ಮೇಷ್ಟ್ರೇ."

ಬೆಂಚಿನಲ್ಲಿದ್ದ ಪೋಸ್ಟ್‌ಮ್ಯಾನ್ ಪೇಪರ್ ಮಡಚಿದ. "ಎಲೆ ಎಲ್ಲ ಜೋತುಬಿದ್ದಿದೆ ನೋಡು. ಭಾರ ಇಳಿಸು. ಕತ್ತರಿಸಿದ್ರೆ ಬೆಳೆಯುತ್ತೆ ಅನ್ನೋದನ್ನ ನಿನಗೆ ನಾವು ಹೇಳ್ಕೊಡಬೇಕಾ?"

ಬಲಗಡೆ ಒಂದೇ ಕೊಂಬೆ ಅಂತ ಕತ್ತರಿ ಹಿಡಿದು ಹೋದ. ಈಗ ಎಡ ಉದ್ದವಾಯಿತು. ಮೇಷ್ಟ್ರು ಅರ್ಧ ಕೆನ್ನೆಯ ನೊರೆಯಲ್ಲೇ ಕಿಟಕಿಗೆ ಬಂದು, "ಇನ್ನೊಂಚೂರು ಎಡ... ಅಯ್ಯೋ, ಜಾಸ್ತಿ ಆಯ್ತು, ಬಲ ತೆಗಿ" ಎಂದು ಬೆರಳಾಡಿಸಿದರು. ಕಿವಿ ಪಕ್ಕದ ಎರಡು ಕೃದಾ ಸಮ ಮಾಡಲು ಹೋಗಿ ಗಿರಾಕಿಯನ್ನೇ ಬೋಳು ಮಾಡಿದ ಹಾಗಾಯಿತು. ಕೊನೆಗೆ ಉಳಿದದ್ದು ಕಾಂಡ, ಅದರ ತುದಿಯಲ್ಲಿ ಜುಟ್ಟಿನಂಥ ನಾಲ್ಕೆಲೆ.

"ಹಿಂದಿನದೇ ಚೆನ್ನಾಗಿತ್ತು" ಅಂದರು ಮೇಷ್ಟ್ರು.

ಕೊಂಬೆಗಳನ್ನು ಬಚ್ಚಲಮನೆಯ ಹಿಂದೆ ತುರುಕಿದ. ಗಾಯಗಳಿಗೆ ಮಣ್ಣು ಮೆತ್ತಿದ. ಮರದ ಬಿಳಿ ಹಾಲು ತಾಕಿ ಕೈಯೆಲ್ಲ ಕೆಂಪಗೆ ದದ್ದೆದ್ದಿತ್ತು. ಮುಖ ತೋರಿಸಲು ನಾಚಿಕೆಯಾದರೂ ನಿಜ ಹೇಳಿಬಿಡಬೇಕೆಂದು ನಿರ್ಧರಿಸಿ, ಕೈ ಜೇಬಿಗಿಳಿಸಿ ನಿಂತ.

ಅತ್ತೆ ಹಿತ್ತಲಿಗೆ ಬಂದವರು ಮರ ನೋಡಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದರು.

"ಅತ್ತೇ, ನಾನು..."

"ಹೇಳ್ಬೇಡಿ. ಒಣಗಿದ್ದನ್ನೆಲ್ಲ ತೆಗೆದಿದೀರಿ, ಅಷ್ಟೇ ತಾನೇ? ಒಣಗಿಸಿದ್ದು ನಾನು." ಅವರ ದನಿ ಇಳಿಯಿತು. "ಹೊರಡೋ ದಿನ ಬೆಳಿಗ್ಗೆ, ನೀವು ಏಳೋ ಮುಂಚೆ, ಬಟ್ಟೆ ತಂತಿಗೆ ಅಡ್ಡ ಬರುತ್ತೆ ಅಂತ ಎಡಗಡೆ ಕೊಂಬೆ ಕುಯ್ದುಬಿಟ್ಟೆ. ಆಮೇಲೆ ಮುಟ್ಬೇಡಿ ಅಂತ ನಿಮಗೇ ಬುದ್ಧಿ ಹೇಳ್ದೆ."

ಸೆರಗು ಸರಿಸಿ ಮುಂಗೈ ತೋರಿಸಿದರು. ಕೆಂಪು ದದ್ದು. "ಅಂಜೂರದ ಹಾಲು. ವಾರ ಆದ್ರೂ ಮಾಸಿಲ್ಲ. ಇದನ್ನ ಮುಚ್ಚಿಡೋಕಾಗಲ್ಲ ನೋಡಿ."

ಅವನ ಹತ್ತು ಬೆರಳೂ ಜೇಬಿನೊಳಗೆ ಉರಿದವು. ಕಿಟಕಿಯಿಂದ ಎರಡು ತಲೆಗಳು ಮೆಲ್ಲಗೆ ಮರೆಯಾದವು.

"ತಂಗಿ ಹಿತ್ತಲಲ್ಲಿ ನಿಮ್ಮ ಮಾವನವರು ನೆಟ್ಟ ಇನ್ನೊಂದು ಅಂಜೂರ ಇದೆ. ಇಲ್ಲಿಗೇ ತರಿಸ್ತೀನಿ. ನನ್ನ ಕೈ ಕೆಟ್ಟದ್ದು, ನಿಮ್ಮದು ಒಳ್ಳೇದು." ಅತ್ತೆ ಕಣ್ಣೊರೆಸಿಕೊಂಡು ಕೈ ಚಾಚಿದರು. "ಎಲ್ಲಿ, ಆ ಕೈ ಕೊಡಿ ಇಲ್ಲಿ."

ಅವನು ತಲೆ ತಗ್ಗಿಸಿ ನಿಧಾನವಾಗಿ ಜೇಬಿನಿಂದ ಕೈ ತೆಗೆದ.