ಹೆಣ್ಣು ನೋಡುವ ದಿನದ ಟೋಸ್ಟು

ಎಲ್ಲ ಅನಾಹುತಕ್ಕೂ ಕಾರಣ ಮದುವೆ ದಲ್ಲಾಳಿ ಹೇಳಿಹೋದ ಒಂದು ಮಾತು. "ಗಂಡು ಟೋಸ್ಟು ಬಿಟ್ಟು ಇನ್ನೇನೂ ಮುಟ್ಟಲ್ಲ ಕಣ್ರೀ. ಮೈಸೂರಿನ ದೊಡ್ಡ ಮನೆತನ ಅಲ್ವಾ!"

ಕೃಷ್ಣರಾಜನಗರದ ಬೆಲ್ಲದ ವ್ಯಾಪಾರಿ ಗಂಗಾಧರಪ್ಪನಿಗೆ ಅಷ್ಟೇ ಸಾಕಾಯಿತು. ಮಗಳು ನೀಲಾಂಬಿಕೆಯನ್ನು ಮೈಸೂರಿಗೆ ಕೊಡಬೇಕು, "ನಮ್ಮ ಬೀಗರ ಮನೇಲಿ ಕಾರಿದೆ" ಎಂದು ಸಂತೆಯಲ್ಲೆಲ್ಲ ಹೇಳಿಕೊಂಡು ತಿರುಗಬೇಕು. ಅವನ ಆಸೆ ಅದೊಂದೇ. ಅಂಥವರ ಮುಂದೆ ಉಪ್ಪಿಟ್ಟು, ಕೇಸರಿಬಾತು ಇಟ್ಟರೆ ಮರ್ಯಾದೆ ಏನಾದೀತು? ಹೆಣ್ಣು ನೋಡುವ ದಿನ ಮೊದಲ ರೈಲಿಗೇ ಮೈಸೂರಿಗೆ ಹೋಗಿ ಉಪ್ಪು ಬ್ರೆಡ್ಡು, ಸಿಹಿ ಬ್ರೆಡ್ಡು, ಬನ್ನು ಮೂರನ್ನೂ ತಂದ.

ಪೊಟ್ಟಣ ಬೀದಿ ದಾಟುವಷ್ಟರಲ್ಲಿ ಸುದ್ದಿ ಹಬ್ಬಿತು. ಆಗೆಲ್ಲ ನಮ್ಮ ಕಡೆ ಬ್ರೆಡ್ಡು ತಿನ್ನುತ್ತಿದ್ದವರು ಕಾಯಿಲೆಯವರು ಮಾತ್ರ. ಪಕ್ಕದ ಮನೆಯ ಪುಟ್ಟಮಲ್ಲಮ್ಮ ಕಷಾಯದ ಚೊಂಬು ಹಿಡಿದೇ ಓಡಿಬಂದಳು.

"ಯಾರ್ಗವ್ವಾ ಜ್ವರ? ನೀಲಂಗಾ?"

"ಯಾರ್ಗೂ ಇಲ್ಲ ಕಣಕ್ಕಾ, ಬೀಗ್ರಿಗೆ ಫಲಾರ" ಎಂದಳು ಗಂಗಾಧರಪ್ಪನ ಹೆಂಡತಿ ಸುಂದ್ರಮ್ಮ. ಯಾರೂ ನಂಬಲಿಲ್ಲ. ನೋಡಿಯೇ ಹೋಗುತ್ತೇವೆಂದು ಅರ್ಧ ಬೀದಿ ಅಡುಗೆಮನೆಯಲ್ಲಿ ಕೂತಿತು.

ಸುಂದ್ರಮ್ಮ ಸಿಹಿ ಬ್ರೆಡ್ಡನ್ನು ರೊಟ್ಟಿ ಹೆಂಚಿಗೆ ಹಾಕಿದರೆ ಸಕ್ಕರೆ ಹತ್ತಿಕೊಂಡು ಕಣ್ಣು ಮಿಟುಕಿಸುವುದರೊಳಗೆ ಕರಕಲು. ಬನ್ನು ಹೊರಗೆ ಸೀದು ಒಳಗೆ ತಣ್ಣಗೇ ಉಳಿಯಿತು.

"ಅದ್ನ ಸೀಳವ್ವಾ, ಒಳಮೈ ಕಾಯ್ಲಿ" ಎಂದ ಎದುರುಮನೆ ನಂಜಣ್ಣ, ಜನ್ಮದಲ್ಲಿ ಬನ್ನು ಮುಟ್ಟದವನು. ಸೀಳಿದರೆ ಸೊಗಸಾಗಿಯೇ ಬಂತು. ಆದರೆ ರುಚಿ ನೋಡುವ ನೆಪದಲ್ಲಿ ಅಷ್ಟನ್ನೂ ಅವನೇ ಮುಗಿಸಿದ.

ಉಳಿದದ್ದು ಉಪ್ಪು ಬ್ರೆಡ್ಡು. ಗಂಗಾಧರಪ್ಪ ಹೆಂಡತಿಯನ್ನು ಸರಿಸಿ ತಾನೇ ಒಲೆ ಮುಂದೆ ಕೂತ. ಉರಿಯುವ ಸೌದೆ ಹೊರಗೆಳೆದು, ಕೆಂಡದ ಮೇಲೆ ತೆಳ್ಳಗೆ ಬೂದಿ ಹರಡಿ, ಕಂಬಿಯ ಜಾಲರಿ ಇಟ್ಟು ಒಂದು ಚೂರು ಹಾಕಿದ. ಬಿಳುಪು ಮೆಲ್ಲಗೆ ಹಳದಿಯಾಯಿತು, ಹಳದಿ ಹೊಂಬಣ್ಣವಾಯಿತು. ಬೆಣ್ಣೆ ಸವರಿದಾಗ ಎದ್ದ ಪರಿಮಳವೋ, ಅಬ್ಬಬ್ಬಾ!

"ಶಿವ್ನೇ! ನಿನ್ ಕೈಲಿ ಏನೋ ಅದೆ ಕಣಪ್ಪಾ ಗಂಗಾಧರಣ್ಣ" ಎಂದು ಪುಟ್ಟಮಲ್ಲಮ್ಮ ಕೈಮುಗಿದಳು.

ಗಂಡಿನ ಕಡೆಯವರು ಬಂದರು. ತಟ್ಟೆ ಕಂಡು ಗಂಡು ದಂಗಾದ. ಕಚ್ಚಿದರೆ ಕರುಂ ಎಂದಿತು. ಬೀದಿಗೆ ಬೀದಿಯೇ ಇಣುಕಿ ನೋಡುತ್ತಿತ್ತು. ಅವನ ತಾಯಿಯ ಕಣ್ಣಲ್ಲಿ ನೀರು!

"ನಿಮಗೆ ಗೊತ್ತಾಗಿಹೋಯ್ತಾ ಯಜಮಾನ್ರೇ? ಇವನಿಗೆ ಹೊಟ್ಟೆಹುಣ್ಣು. ಖಾರ, ಹುಳಿ ಮುಟ್ಟೋ ಹಾಗಿಲ್ಲ, ವಾಸಿಯಾಗೋವರೆಗೂ ಸುಟ್ಟ ಬ್ರೆಡ್ಡೇ ಗತಿ ಅಂದಿದ್ದಾರೆ ಡಾಕ್ಟರು. ಹೇಳಿದ್ರೆ ಎಲ್ಲಿ ಸಂಬಂಧ ತಪ್ಪುತ್ತೋ ಅಂತ ಮುಚ್ಚಿಟ್ಟಿದ್ದೆ. ತಿಳಿದೂ ಇಷ್ಟು ಅಕ್ಕರೆಯಿಂದ ಮಾಡಿದ್ದೀರಲ್ಲ, ದೇವರಂಥವರು!"

ಗಂಗಾಧರಪ್ಪ ಏನೋ ಹೇಳಲು ಬಾಯಿ ತೆರೆದ.

"ನಮ್ ಗಂಗಾಧರಂದು ದೊಡ್ ಮನ್ಸು ಕಣವ್ವಾ, ತಾನೇ ಒಲೆ ಮುಂದೆ ಕೂತು ಸುಟ್ಟವ್ನೆ!" ಎಂದು ನಂಜಣ್ಣ ಸಾರಿಬಿಟ್ಟ. ಇಡೀ ಬೀದಿ ಬೆರಗಾಗಿ ತನ್ನನ್ನೇ ನೋಡುತ್ತಿರುವಾಗ ಇಲ್ಲವೆನ್ನುವುದು ಹೇಗೆ? ಬಾಯಿ ಮುಚ್ಚಿಕೊಂಡ.

ಗಂಡಿನ ತಾಯಿ ಕಣ್ಣೊರೆಸಿಕೊಂಡರು. "ನಮ್ಮ ಅಡುಗೆಯವನು ದಿನಾ ಕರಕು ಮಾಡ್ತಾನೆ. ಹಾಗಾಗಿ ಮದುವೆಯಾದ ಮೇಲೆ ಇವನು ನಿಮ್ಮನೇಲೇ ಇರಲಿ. ನಿಮ್ಮ ಕೈಗುಣಕ್ಕೇ ವಾಸಿಯಾಗ್ತಾನೆ."

ಊರು ಬಿಡಬೇಕಲ್ಲ ಎಂದು ಬೆಳಗಿನಿಂದ ಮುಖ ಊದಿಸಿಕೊಂಡಿದ್ದ ನೀಲಾಂಬಿಕೆಯ ಮುಖ ಬಾಗಿಲ ಮರೆಯಲ್ಲಿ ಅರಳಿತು. ಖಾಲಿ ತಟ್ಟೆ ತಂದು ಗಂಗಾಧರಪ್ಪನ ಕೈಗಿಟ್ಟಳು.

"ಅಪ್ಪಾ, ಇನ್ನೆರಡು ಬೇಕಂತೆ."