ವಲ್ಲಿಯ ಕೆಳಗೆ ಸಾಹೇಬರ ಕೈ

ಪರಸ್ಥಳದ ಗಿರಾಕಿಯ ಎದುರಿಗೆ ಮರ್ಯಾದೆಯಿಂದ ನಡೆದುಕೊಳ್ಳುವುದು ನನಗೆ ಹುಟ್ಟಿನಿಂದಲೇ ಬಂದ ವಿದ್ಯೆ ಎಂದು ಬಹಳ ದಿನ ನಂಬಿದ್ದೆ. ಕುಷ್ಟಗಿಯ ದನದ ಸಂತೆಯಲ್ಲಿ ನಾನು ದಲಾಲ. ಆಗ ನಮ್ಮದು ನಿಜಾಮರ ಸೀಮೆ. ಹೈದರಾಬಾದಿನ ಕಡೆಯವರು ಬಂದರೆ ಉಳಿದ ದಲಾಲರು ಮೆಲ್ಲಗೆ ಎತ್ತಿನ ಮರೆಗೆ ಸರಿಯುತ್ತಿದ್ದರು. ನನಗೆ ಉರ್ದು ಬರುತ್ತಿತ್ತು. ಬರುತ್ತಿತ್ತು ಅಂದರೆ, ಎತ್ತು ಮಾರುವಷ್ಟು ಬರುತ್ತಿತ್ತು. ಕಡಿಮೆ ಬಿದ್ದಲ್ಲಿ 'ಹುಜೂರ್' ಬೆರೆಸುತ್ತಿದ್ದೆ. ನಡು ಬಗ್ಗಿಸಿ, ಬೆರಳನ್ನು ಹಣೆಗೆ ತಂದು ಆದಾಬ್ ಮಾಡುವುದನ್ನು ಮನೆಯಲ್ಲಿ ಬೀಸುವ ಕಲ್ಲಿನ ಮುಂದೆ ನಿಂತು ರೂಢಿ ಮಾಡಿಕೊಂಡಿದ್ದೆ. ಅದನ್ನು ನೋಡಿದ ಹೆಂಡತಿ, "ಊರ ಮಂದಿಗೆಲ್ಲಾ ಬಗ್ಗತೀರಿ. ನಾ ಕೊಡಾ ಎತ್ತಿಕೊಡ್ರಿ ಅಂದ್ರ ಮಾತ್ರ ನಿಮ್ಮ ನಡಾ ಹಿಡಕೊಂತೈತಿ" ಎಂದಳು. ಕಲೆಗೆ ಮನೆಯಲ್ಲಿ ಬೆಲೆಯಿಲ್ಲ.

ಒಂದು ಸಂತೆಗೆ ಶೇರ್ವಾನಿ ತೊಟ್ಟ ಸಾಹೇಬರೊಬ್ಬರು ಬಂದರು. ಗಂಗಾವತಿಯ ಹತ್ತಿರ ಹೊಸದಾಗಿ ಜಮೀನು ಹಿಡಿದಿದ್ದರು. ಬೇಕಾದದ್ದು ಒಂದೆರಡು ಜೋಡಿಯಲ್ಲ, ಹತ್ತಾರು ಜೋಡಿ ಎತ್ತು. ಇವರೊಬ್ಬರು ಕೈಗೆ ಹತ್ತಿದರೆ ವರ್ಷವಿಡೀ ಬೇರೆ ಗಿರಾಕಿಯ ಮುಖ ನೋಡಬೇಕಿಲ್ಲ ಎಂದು ಎದೆ ಹಿಗ್ಗಿತು. ಕಂಬಳಿ ಹಾಸಿದೆ, ಹುಜೂರ್ ಅಂದೆ, ಅವರ ಕುದುರೆಯ ಆರೋಗ್ಯವನ್ನೂ ವಿಚಾರಿಸಿದೆ. ಕುಕನೂರಿನ ರೈತ ಹನಮಪ್ಪನ ಜೋಡಿ ಅವರ ಕಣ್ಣಿಗೆ ಹಿಡಿಸಿತು. ಹನಮಪ್ಪನಿಗೆ ಉರ್ದು ಬಾರದು, ಸಾಹೇಬರಿಗೆ ಕನ್ನಡ ಬಾರದು. ಇಬ್ಬರಿಗೂ ನಾನೇ ಗತಿ.

ನಮ್ಮ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಆಡುವುದಿಲ್ಲ. ಕೈಗಳ ಮೇಲೆ ಬಟ್ಟೆ ಹೊದಿಸಿ, ಒಳಗೊಳಗೇ ಬೆರಳು ಹಿಡಿದು ಹೇಳುತ್ತೇವೆ. ಹಿಡಿದಷ್ಟು ಬೆರಳು, ಅಷ್ಟು ಬೆಲೆ. ರೂಢಿಯಂತೆ ಹೆಗಲ ಮೇಲಿನ ವಲ್ಲಿ ತೆಗೆದು ಸಾಹೇಬರ ಕೈ ಮೇಲೆ ಹಾಕಿ, ಹನಮಪ್ಪನ ಪರವಾಗಿ ಮೂರು ಬೆರಳು ಹಿಡಿದೆ. ಸಾಹೇಬರ ಮುಖ ಅರಳಿತು. ಇನ್ನೊಂದು ಕೈಯನ್ನೂ ಒಳಗೆ ತಂದು, ನನ್ನ ಐದೂ ಬೆರಳನ್ನು ಅಕ್ಕರೆಯಿಂದ ಅಮುಕಿದರು.

ಕೇಳಿದ್ದು ಮೂರು, ಕೊಟ್ಟದ್ದು ಐದು!

"ಎಷ್ಟ ಹಿಡದ್ರೀ?" ಎಂದ ಹನಮಪ್ಪ. ತಡೆಯಲಾಗದೆ ಅವನ ಕಿವಿಯಲ್ಲಿ ಹೇಳಿಯೇಬಿಟ್ಟೆ. ವ್ಯಾಪಾರ ಕುದುರಿತೆಂದು ಅವನು ಹಿಂದೆಮುಂದೆ ನೋಡದೆ ಎತ್ತಿನ ಕೊರಳ ಗೆಜ್ಜೆ ಬಿಚ್ಚಿಕೊಳ್ಳತೊಡಗಿದ. ಅಷ್ಟರಲ್ಲಿ ಸಾಹೇಬರು, "ಕೈ ಕುಲುಕುವುದರಲ್ಲೂ ನಿಮ್ಮ ಊರಿನವರಿಗೆ ಎಷ್ಟೊಂದು ಪ್ರೀತಿ! ಸರಿ, ಈಗ ಬೆಲೆ ಹೇಳಿ" ಎಂದು ಉರ್ದುವಿನಲ್ಲಿ ನುಡಿದರು. ಸುಮ್ಮನಿದ್ದರೆ ಸಾಹೇಬರು ಹೋದಾರು, ಹೇಳಿದರೆ ಹನಮಪ್ಪ ಮುನಿದಾನು. ಕೊನೆಗೆ ತಡವರಿಸುತ್ತ ಇಬ್ಬರಿಗೂ ಅವರವರ ಭಾಷೆಯಲ್ಲಿ ನಿಜ ಹೇಳಿದೆ.

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೊದಲೇ ಹೇಳಬಾರದಿತ್ತೇ ಮಿಯಾ? ನಿಮ್ಮ ಪದ್ಧತಿ ನಾನೂ ಕಲಿಯಬೇಡವೇ?" ಎಂದರು. ನನಗೆ ನಾಚಿಕೆಯಾಯಿತು. ಅವರ ರೀತಿಯನ್ನು ಅವರಿಗೇ ಮಾಡಿ ತೋರಿಸುವ ಭರದಲ್ಲಿ, ನಮ್ಮದನ್ನು ಅವರಿಗೆ ತಿಳಿಸಬೇಕು ಎಂಬುದೇ ನನಗೆ ಹೊಳೆದಿರಲಿಲ್ಲ.

ಸಾಹೇಬರು ನನ್ನ ವಲ್ಲಿ ಎತ್ತಿಕೊಂಡು ನೇರವಾಗಿ ಹನಮಪ್ಪನ ಬಳಿಗೆ ಹೋದರು. ವಲ್ಲಿಯ ಕೆಳಗೆ ಎರಡು ಕೈ ಸೇರಿದವು. ಒಬ್ಬರು ತಲೆ ಅಲ್ಲಾಡಿಸಿದರು, ಇನ್ನೊಬ್ಬರು ನಕ್ಕರು, ಮತ್ತೆ ಇಬ್ಬರೂ ನಕ್ಕರು. ವ್ಯಾಪಾರ ಮುಗಿದೇಹೋಯಿತು.

"ಛಲೋ ಮನಷ್ಯಾ ಅದಾರ್ರಿ" ಎಂದ ಹನಮಪ್ಪ, "ಮಾತು ಬರದಿದ್ರೂ ಭಾಳ ಛಂದ ಮಾತಾಡ್ತಾರ."

ಸಾಹೇಬರು ಆಮೇಲೆ ಒಂದು ಸಂತೆಯನ್ನೂ ತಪ್ಪಿಸಲಿಲ್ಲ. ಬಂದೊಡನೆ ಎಲ್ಲರಿಗಿಂತ ಮೊದಲು ನನ್ನನ್ನೇ ಹುಡುಕಿ, ತುಂಬ ಮರ್ಯಾದೆಯಿಂದ, "ಮಿಯಾ, ಸ್ವಲ್ಪ ನಿಮ್ಮ ವಲ್ಲಿ ಕೊಡುತ್ತೀರಾ?" ಎಂದು ಕೇಳಿ, ಅದನ್ನು ಹಿಡಿದು ನೇರವಾಗಿ ರೈತರ ಬಳಿಗೆ ನಡೆಯುತ್ತಿದ್ದರು. ಅಷ್ಟು ದೊಡ್ಡವರಿಗೆ ಇಲ್ಲವೆನ್ನುವುದು ಹೇಗೆ? ಸಂತೆಯ ದಿನ ಒಗೆದದ್ದನ್ನೇ ಹೊದ್ದು ಹೋಗುತ್ತಿದ್ದೆ.