ಸಾವಿನ ಮನೆಗೊಂದು ಪಿಯಾನೋ

ನಂಜನಗೂಡು ತಾಲೂಕಲ್ಲಿ ಡಾಕ್ಟರುಗಳಿಗಿಂತ ಜಾಸ್ತಿ ಜನರನ್ನ ಬದುಕಿಸಿರೋರು ಯಾರು ಅಂತ ನನ್ನ ಕೇಳಿದ್ರೆ, ಕಣ್ಣು ಮುಚ್ಕೊಂಡು ನಮ್ಮ ಚಿಕ್ಕಪ್ಪನ ಕಡೆ ಬೆರಳು ತೋರಿಸ್ತೀನಿ. ಔಷಧಿ ಕೊಡಲ್ಲ, ಮಂತ್ರ ಹಾಕಲ್ಲ. ಕಾಯಿಲೆ ಬಿದ್ದವರ ಮನೆ ಬಾಗಿಲಲ್ಲಿ ನಿಂತು, "ಎಂಗವ್ರೆ ಈಗ?" ಅಂತ ಒಂದು ಮಾತು ಕೇಳ್ತಾರೆ, ಅಷ್ಟೇ! ವಾರದಿಂದ ಗಂಜಿ ಮುಟ್ಟದೇ ಇದ್ದೋರು ದಡಕ್ಕನೆ ಎದ್ದು ಕೂತು, "ನಂಗೇನೂ ಆಗಿಲ್ಲ ಕಣಪ್ಪ, ಗುಂಡ್ಕಲ್ಲಂಗಿವ್ನಿ, ನೀನು ವಂಟೋಗು" ಅಂದು ಮುದ್ದೆ ಕೇಳ್ತಾರೆ.

ಯಾಕೆ ಅಂತೀರಾ? ನಮ್ಮ ಚಿಕ್ಕಪ್ಪ ಸಾವಿನ ಮನೇಲಿ ಹಾರ್ಮೋನಿಯಂ ನುಡಿಸೋರು. ನಮ್ಮ ಕಡೆ ಯಾರಾದ್ರೂ ತೀರಿಕೊಂಡ್ರೆ ಭಜನೆಯವರು ಬಂದು ಹೆಣದ ಮುಂದೆ ಕೂತು, ಎತ್ತೋವರೆಗೂ ತತ್ವಪದ ಹಾಡ್ತಾರೆ. ಹದಿನಾರು ಗ್ರಾಮದ ಪಕ್ಕದ ನಮ್ಮೂರಿಂದ ಹಿಡಿದು ಬನ್ನೂರು, ಸೋಮನಾಥಪುರದವರೆಗೂ ಆ ತಂಡಕ್ಕೆ ಕರೆ. ಅದರ ಜೀವವೇ ನಮ್ಮ ಚಿಕ್ಕಪ್ಪ. ಇಂಥಾ ಜಾಗದಲ್ಲಿ 'ಜೀವ' ಅನ್ನೋದು ಸರಿಯೋ ತಪ್ಪೋ, ನನಗಂತೂ ಗೊತ್ತಿಲ್ಲ!

"ಮದುವೆ ಮನೇಲೂ ನುಡಿಸಬಹುದಲ್ಲ ಚಿಕ್ಕಪ್ಪ?" ಅಂತ ಒಂದು ಸಲ ಕೇಳಿದೆ.

"ಮದ್ವೇಲಿ ಯಾರ್ಲಾ ಕೇಳ್ತಾರೆ? ಎಲ್ರಿಗೂ ಪಂಕ್ತಿದೇ ಗ್ಯಾನ. ಸಾವಿನ ಮನೇಲಿ ನೋಡು, ಒಬ್ನೂ ಮಧ್ಯ ಎದ್ದೋಗಲ್ಲ. ಮುಂದ್ಗಡೆ ಮಲಗಿರೋನಂತೂ ಅಲ್ಲಾಡಾದೇ ಇಲ್ಲ!"

ಇಂಥವರಿಗೆ ಏನು ಹೇಳ್ತೀರಿ?

ಮನೇಲಿ ಮಾತ್ರ ಹಾರ್ಮೋನಿಯಂ ತೆಗೆಯೋ ಹಾಗಿಲ್ಲ. "ದೀಪ ಅಚ್ಚೋ ಮನೇಲಿ ಎಣದ ಪದ ಬ್ಯಾಡ" ಅಂತ ಚಿಕ್ಕಮ್ಮನ ಕಟ್ಟುನಿಟ್ಟು. ಹಾಗಾಗಿ ಅಭ್ಯಾಸ ಎಲ್ಲ ಕಬ್ಬಿನ ಗದ್ದೆಯ ಪಂಪ್‌ಹೌಸಲ್ಲಿ. ಈ ಮನುಷ್ಯ ಅಳಿಸಿ ಅಳಿಸಿ ನಮ್ಮ ಕಬ್ಬಲ್ಲಿ ಸಿಹಿ ಕಮ್ಮಿ ಆಗೋಯ್ತು ಅಂತ ಪಕ್ಕದ ಗದ್ದೆಯವರ ದೂರು ಬೇರೆ.

ಇದೆಲ್ಲ ಶುರುವಾಗಿದ್ದು ನಮ್ಮ ತಾತ ಹೋದಾಗ. ಅವತ್ತು ಇನ್ನೊಂದೂರಲ್ಲೂ ಸಾವಾಗಿ, ಹಾರ್ಮೋನಿಯಂನವರು ಅಲ್ಲಿಗೆ ಹೋಗಿಬಿಟ್ಟಿದ್ರು. ತಾತನ್ನ ಬರೀ ತಾಳ ತಟ್ಟಿ ಕಳಿಸಿದ್ವಿ. ಆ ಸಂಕಟಕ್ಕೆ ಚಿಕ್ಕಪ್ಪ ಮೀಸೆ ನರೆಯೋ ವಯಸ್ಸಲ್ಲಿ ಕಲಿಯಕ್ಕೆ ಕೂತ್ರು. ಅವರು ಕಲಿತು ಕೈ ಕುದುರೋ ಹೊತ್ತಿಗೆ ನಮ್ಮಜ್ಜಿ ಕಿವಿ ಮಂದ ಆಗೋಯ್ತು. ಕಿವಿಗೆ ಬಾಯಿಟ್ಟು ಕೂಗಿದ್ರೆ ಅರ್ಧ ಕೇಳ್ತದೆ. ಮಿಷನ್ ತಂದುಕೊಟ್ರೆ, "ಕಿವಿ ವೊಳ್ಗೆ ಯಾರೋ ಪುರಿ ಉರೀತಾವ್ರೆ" ಅಂತ ಕಿತ್ತು ಸಾಸಿವೆ ಡಬ್ಬಿಗೆ ಹಾಕಿದ್ರು. ಆದ್ರೆ ಮಗನಿಗೆ ಆರ್ಡರ್ ಮಾತ್ರ ಪಕ್ಕಾ: "ನಿಮ್ಮಪ್ಪನ್ ಕಳ್ಸಿದಂಗೆ ನನ್ನೂ ಕಳಿಸ್ಬ್ಯಾಡ ಕಣ್ಲಾ. ನನ್ನ ಎತ್ತೋವಾಗ ನೀನೇ ನುಡಿಸ್ಬೇಕು." ಚಿಕ್ಕಪ್ಪ ಅಜ್ಜಿ ಕೈ ಮೇಲೆ ಕೈಯಿಟ್ಟು ಆಗಲಿ ಅಂದಿದ್ರು.

ಈ ಒಪ್ಪಂದಕ್ಕೆ ಕಲ್ಲು ಹಾಕಿದ್ದು ಒಂದು ಎಮ್ಮೆ. ಅದನ್ನ ತಪ್ಪಿಸಕ್ಕೆ ಹೋಗಿ ಚಿಕ್ಕಪ್ಪ ಮೊಪೆಡ್ ಸಮೇತ ನಾಲೆ ಏರಿಯಿಂದ ಉರುಳಿದ್ರು. ಎಡಭುಜ ಕೆಟ್ಟೋಯ್ತು. ಸ್ವರದ ಮಣೆ ಒತ್ತೋಕೆ ಬೆರಳಾಡ್ತದೆ, ಆದ್ರೆ ಗಾಳಿ ತುಂಬೋ ತಿದಿ ಎಳೆದು ಬಿಡೋಕೆ ಭುಜ ಬರಲ್ಲ. ತಿದಿಯಿಲ್ದೆ ಹಾರ್ಮೋನಿಯಂ ಎಲ್ಲಿಂದ ಉಸಿರಾಡ್ತದೆ? ಇದೇ ಸಮಯಕ್ಕೆ ಅಜ್ಜಿಗೂ ಉಸಿರು ಕಟ್ಟಿ ನಂಜನಗೂಡು ಆಸ್ಪತ್ರೆಗೆ ಸೇರಿಸಿದ್ವಿ. ಎದ್ದು ಕೂತ ತಕ್ಷಣ ಇಡೀ ವಾರ್ಡಿಗೆ ಕೇಳೋ ಹಾಗೆ ಘೋಷಣೆ ಹೊರಡಿಸಿದ್ರು:

"ಇವ್ನ ಕೈ ಸರಿಯಾಗೋಗಂಟ ನಾನು ಓಗಾಕಿಲ್ಲ! ಯಮ ಬಂದ್ರೆ ಜಗಲಿ ಮ್ಯಾಲೆ ಕುಂತಿರ್ಲಿ, ಮಜ್ಜಿಗೆ ಕೊಡಿ!"

ಹಂಗೂ ಚಿಕ್ಕಪ್ಪ ಸುಮ್ಮನಿರಲಿಲ್ಲ. ಬನ್ನೂರಿಂದ ಒಂದು ಕರೆ ಬಂತು. "ನಾನು ಮಣೆ ಒತ್ತೀನಿ, ನೀನು ತಿದಿ ಆಕು" ಅಂತ ನನ್ನ ಎಳ್ಕೊಂಡು ಹೋದ್ರು. ನಾನೋ, ನಂಜನಗೂಡಲ್ಲಿ ಜೆರಾಕ್ಸ್ ಅಂಗಡಿ ಇಟ್ಕೊಂಡು ಕೂತ್ಕೊಂಡೇ ಬದುಕೋ ಪ್ರಾಣಿ. ಮಧ್ಯಾಹ್ನದ ಬಿಸಿಲು, ತಣ್ಣನೆ ಚಪ್ಪರ, ಜೋಗುಳದಂಥ ರಾಗ... ಕಣ್ಣು ಯಾವಾಗ ಎಳೀತೋ ಶಿವನೇ ಬಲ್ಲ. ಹಾರ್ಮೋನಿಯಂ "ಗೊಂಯ್ಯ್ಯ್..." ಅಂತ ಎಲ್ಲರ ಮುಂದೆ ಪ್ರಾಣ ಬಿಡ್ತು! ತೀರಿಕೊಂಡೋರ ಮಗಳು ಅಳೋದು ನಿಲ್ಲಿಸಿ, ನನ್ನ ಮುಖ ನೋಡಿ, "ಅಣ್ಣಾ, ಒಳಗೆ ಚಾಪೆ ಆಸಿ ಕೊಡ್ಲಾ?" ಅಂದ್ಲು.

ಅವತ್ತೇ ತೀರ್ಮಾನ ಆಯ್ತು. ತಿದಿ ಇಲ್ಲದ ವಾದ್ಯ ತರಬೇಕು. ಕರೆಂಟಲ್ಲಿ ನುಡಿಯೋ ಸ್ಟೇಜ್ ಪಿಯಾನೋ! ಆರಿಸೋ ಜವಾಬ್ದಾರಿ ಯಾರದು? ವಂಶದಲ್ಲಿ ಮೊಬೈಲಿಗೆ ಸ್ಕ್ರೀನ್ ಗಾರ್ಡ್ ಹಾಕಕ್ಕೆ ಬರೋನು ನಾನೊಬ್ಬನೇ, ಹಾಗಾಗಿ ನನ್ನದೇ. ಒಂದು ವಾರ ವಿಡಿಯೋ ನೋಡಿ ನೋಡಿ ಪಂಡಿತನಾಗಿಬಿಟ್ಟೆ. ಸ್ವರ ಯಾವುದು ಅಂತ ಗೊತ್ತಿಲ್ಲ, ಪಾಲಿಫೋನಿ ಎಷ್ಟು ಬೇಕು ಅಂತ ಮಾತ್ರ ನಿದ್ದೆಗಣ್ಣಲ್ಲೂ ಹೇಳ್ತಿದ್ದೆ.

ಚಿಕ್ಕಮ್ಮ ಮಾತ್ರ, "ತರ್ಲೇಬ್ಯಾಡಿ. ಅದು ಬಂದು ಇವ್ರು ನುಡಿಸೋ ಅಂಗಾದ್ರೆ ಅತ್ತೆ ಇರಾಕಿಲ್ಲ, ಅವ್ರೇ ಯೋಳವ್ರೆ" ಅಂದ್ರು. ನಾವೆಲ್ಲ ಗೊಳ್ಳಂತ ನಕ್ವಿ. ಚಿಕ್ಕಪ್ಪ ನಗಲಿಲ್ಲ. ನಾನು ಅದನ್ನ ಆಗ ಗಮನಿಸಲಿಲ್ಲ.

ಮೈಸೂರಿನ ಅಂಗಡೀಲಿ ಮೊದಲನೆಯದು ಹಗುರವಾದ ಪ್ಲಾಸ್ಟಿಕ್ ಮಣೆಯದು. ಚಿಕ್ಕಪ್ಪ ಒತ್ತಿ ನೋಡಿ, "ಇದೇನ್ಲಾ, ಅಪ್ಪಳ ಮುರಿದಂಗಾಯ್ತದೆ" ಅಂದ್ರು. ಎರಡನೆಯದು ನಿಜವಾದ ಪಿಯಾನೋ ಥರ ಭಾರವಾದ ಮಣೆಯದು. ಮೆಲ್ಲಗೆ ಒತ್ತಿದ್ರೆ ಮೆಲ್ಲಗೆ, ಜೋರಾಗಿ ಒತ್ತಿದ್ರೆ ಜೋರಾಗಿ ನುಡೀತದೆ. ಚಿಕ್ಕಪ್ಪನ ಮುಖ ಅರಳ್ತು. "ಎಷ್ಟು ಒತ್ತಿದ್ರೆ ಅಷ್ಟೇ ಅಳ್ತದೆ! ಮನುಷ್ಯರಂಗೆ!" ಆದ್ರೆ ಎತ್ತಿ ನೋಡಿದ ಮೇಲೆ ಬಾಡ್ತು. "ಇದ್ನ ವೊರಾಕೆ ನಾಕ್ ಜನ ಬೇಕು. ಅಲ್ಲಿರೋ ನಾಕ್ ಜನ ಆಗ್ಲೇ ಬ್ಯಾರೆ ಕೆಲ್ಸಕ್ಕೆ ಒಪ್ಕಂಡಿರ್ತಾರೆ!"

ನನ್ನ ಪಾಂಡಿತ್ಯ ತೋರಿಸೋ ಸಮಯ ಬಂತು. "ಚಿಕ್ಕಪ್ಪ, ಇದರಲ್ಲಿ ಒಂದೇ ಸಲಕ್ಕೆ ನೂರಿಪ್ಪತ್ತೆಂಟು ಸ್ವರ ಬರ್ತವೆ."

"ನಂಗಿರಾದು ಅತ್ತು ಬೆರಳು. ಮಿಕ್ಕಿದ್ದ ನಿಮ್ಮಪ್ಪ ಬಂದು ಒತ್ತಾನಾ?"

ಮೂರನೆಯದು ಸಿಕ್ತು ನೋಡಿ! ಮಣೆ ಅದೇ ಭಾರ, ಪೆಟ್ಟಿಗೆ ತೆಳ್ಳಗೆ, ಒಬ್ಬ ಎತ್ತಬಹುದು, ಬೆಲೆನೂ ನಮ್ಮ ಬಜೆಟ್ಟಿನ ಹತ್ತತ್ರ. ಅಂಗಡಿಯವರು, "ಸರ್, ಇದು ಯಾಕೆ ಕಮ್ಮಿ ಅಂದ್ರೆ, ಇದರಲ್ಲಿ..." ಅಂತ ಶುರು ಮಾಡಿದ್ರು. ನಾನು ಕೈ ಎತ್ತಿ ತಡೆದೆ. "ಗೊತ್ತು ಬಿಡಿ ಸರ್, ಎಲ್ಲಾ ವಿಡಿಯೋ ನೋಡಿದೀನಿ." ದೇವರು ನನಗೆ ಎರಡು ಕಿವಿ ಕೊಟ್ಟು ಸುಮ್ನೆ ವೇಸ್ಟ್ ಮಾಡ್ಕೊಂಡ.

ಪರೀಕ್ಷೆ ಮಾಡಿ ಅಂದಿದ್ದೇ ತಪ್ಪಾಯ್ತು. ಚಿಕ್ಕಪ್ಪ ಕಣ್ಣು ಮುಚ್ಚಿ, ಹೆಣ ಎತ್ತೋ ಹೊತ್ತಲ್ಲಿ ನುಡಿಸೋ ಕೊನೇ ಪದ ಹಿಡಿದ್ರು. ಬಿಲ್ ಹಾಕೋ ಹುಡುಗಿ ಮೂಗು ಒರೆಸ್ಕೊಂಡ್ಲು. ಗಿಟಾರ್ ಕೊಳ್ಳಕ್ಕೆ ಬಂದಿದ್ದ ಹೊಸ ಜೋಡಿ ಒಬ್ಬರನ್ನೊಬ್ಬರು ಗಟ್ಟಿಯಾಗಿ ಹಿಡ್ಕೊಂಡು ಆಚೆ ಹೋಯ್ತು. ಓನರು ಓಡಿಬಂದು ಕೈ ಮುಗಿದ್ರು. "ಯಜಮಾನ್ರೇ, ಇನ್ನೂ ಬೋಣಿ ಆಗಿಲ್ಲ. ನಿಮ್ಮ ಬಜೆಟ್ಟಿಗೇ ಕೊಡ್ತೀನಿ, ಪೆಡಲ್ಲೂ ಫ್ರೀ. ದಯವಿಟ್ಟು ಇದನ್ನ ನಿಲ್ಸಿ!"

ಇಂಥ ಚೌಕಾಸಿ ನಾನು ಜನ್ಮದಲ್ಲಿ ಕಂಡಿರಲಿಲ್ಲ. ಆದ್ರೆ ಚಿಕ್ಕಪ್ಪ ಇದ್ದಕ್ಕಿದ್ದಂಗೆ ಕೊಂಕು ತೆಗೆಯೋಕೆ ಶುರು ಮಾಡಿದ್ರು. ಬಣ್ಣ ತೀರಾ ಕಪ್ಪಾಯ್ತು ಅಂದ್ರು. ಇವತ್ತು ದಿನ ಚೆನ್ನಾಗಿಲ್ಲ ಅಂದ್ರು. ಮುಂದಿನ ತಿಂಗಳು ನೋಡನ ಅಂದ್ರು. ಜಿಪುಣತನ ಅಂದ್ಕೊಂಡು ನಾನೇ ಪ್ಯಾಕ್ ಮಾಡಿಸಿದೆ. ಬಸ್ಸಲ್ಲಿ ಕಂಡಕ್ಟರು ಆ ಉದ್ದದ ಗಂಟು ನೋಡಿ, "ಇದಕ್ಕೆ ಲಗೇಜ್ ಹರೀಲಾ, ಫುಲ್ ಟಿಕೆಟ್ ಹರೀಲಾ?" ಅಂದ್ರು. ನಾನು ನಕ್ಕೆ. ಚಿಕ್ಕಪ್ಪ ಕಿಟಕಿ ಆಚೆ ಕಪಿಲಾ ಹೊಳೆ ನೋಡ್ತಾ, "ಇದು ಇಲ್ದಿದ್ರೆ ಅವ್ವ ಇನ್ನೊಸಿ ದಿನ ಕಾಯ್ತಿತ್ತು ಕಣ್ಲಾ" ಅಂದ್ರು.

ಅದಕ್ಕೊಂದು ಜೋಕ್ ಹುಡುಕಿದೆ. ಸಿಗಲಿಲ್ಲ.

ಸ್ಟಾಪಲ್ಲಿ ನಮ್ಮ ತಂಡದ ಢೋಲಕ್ ಮಾವ ಕಾದಿದ್ರು. ಧೂಳು ಬೀಳಬಾರದು ಅಂತ ಗಂಟಿಗೆ ಬಿಳೀ ಪಂಚೆ ಸುತ್ತಿದ್ವಿ. ಮುಂದೆ ಮಾವನ ಹೆಗಲು, ಹಿಂದೆ ನನ್ನ ಹೆಗಲು, ಎಲ್ಲಕ್ಕಿಂತ ಮುಂದೆ ತಲೆ ತಗ್ಗಿಸಿಕೊಂಡು ಚಿಕ್ಕಪ್ಪ. ಊರು ಏನಂದ್ಕೋಬೇಕು ಹೇಳಿ? ಟೀ ಅಂಗಡೀಲಿ ಎಲ್ಲರೂ ಎದ್ದು ನಿಂತ್ರು. ಒಬ್ಬ ತಾತ ಚಪ್ಪಲಿ ಬಿಟ್ಟು ಕೈ ಮುಗಿದು, "ಯಾರ್ಲಾ, ಪಾಪ?" ಅಂದ್ರು.

"ಪಿಯಾನೋ ಕಣ್ತಾತ!"

"ಯಾವೂರೋರು?"

ಮನೆ ಮುಂದೆ ಪಿಯಾನೋ ಇಳಿಸೋ ಹೊತ್ತಿಗೆ ಅರ್ಧ ಊರು ಹಿಂದೆ ಬಂದಿತ್ತು. ಯಾರೂ ಸತ್ತಿಲ್ಲ ಅಂತ ಗೊತ್ತಾದ ಸಮಾಧಾನಕ್ಕೆ ಎಲ್ಲರೂ ಅಲ್ಲೇ ಕೂತ್ರು. ಚಿಕ್ಕಮ್ಮ ಬೇಡ ಬೇಡ ಅಂದೋರೇ ಅರಿಶಿನ ಕುಂಕುಮ ಇಟ್ರು. ಮಣೆ ಮೇಲೆ ಕಾಯಿ ಒಡೆಯಕ್ಕೆ ಎತ್ತಿದ ಕೈಯನ್ನ ನಾನು ಗಾಳೀಲೇ ಹಿಡ್ಕೊಂಡೆ. ಆಸ್ಪತ್ರೆಯಿಂದ ವಾಪಸ್ ಬಂದಿದ್ದ ಅಜ್ಜಿ ಜಗಲಿ ಮೇಲೆ, ಮಗನ ಎದುರಿಗೇ, ಕುರ್ಚೀಲಿ ಕೂತಿದ್ರು. ಸ್ವಿಚ್ ಹಾಕಿದೆ, ಲೈಟ್ ಬಂತು. ಜನ ಚಪ್ಪಾಳೆ ತಟ್ಟಿದ್ರು. ಚಿಕ್ಕಪ್ಪ ಕಣ್ಣು ಮುಚ್ಚಿ ಒತ್ತಿದ್ರು.

ಟೊಕ್. ಟೊಕ್ ಟೊಕ್. ಮರ ಕುಟ್ಟಿದ ಸದ್ದು, ಅಷ್ಟೇ.

ವಾಲ್ಯೂಮ್ ತಿರುಗಿಸಿದೆ. ಆಫ್ ಮಾಡಿ ಆನ್ ಮಾಡಿದೆ. ಮೊಬೈಲಿಗೆ ಮಾಡೋ ಹಾಗೆ ಕೆಳಗೆ ಊದಿದೆ ಕೂಡ. ಟೊಕ್ ಟೊಕ್! ಢೋಲಕ್ ಮಾವ ನಿಧಾನಕ್ಕೆ, "ಸತ್ತೋರ್ಗೆ ಮಾತ್ರ ಕೇಳ್ಸೋ ಮಾಡಲ್ಲೇನೋ" ಅಂದ್ರು. ಇಡೀ ಊರು ಬಿದ್ದು ಬಿದ್ದು ನಕ್ತು. ಅಂಗಡಿಗೆ ಫೋನ್ ಮಾಡಿದೆ.

"ಸರ್, ಸ್ಟೇಜ್ ಪಿಯಾನೋಗೆ ಸ್ವಂತ ಸ್ಪೀಕರ್ ಇರಲ್ಲ. ಅದಕ್ಕೇ ಹಗುರ, ಅದಕ್ಕೇ ಕಮ್ಮಿ ರೇಟು. ಅಂಗಡೀಲಿ ದೊಡ್ಡ ಸ್ಪೀಕರಿಗೆ ಹಾಕಿದ್ವಲ್ಲ? ಆಗ ಅದನ್ನೇ ಹೇಳಕ್ಕೆ ಬಂದೆ, ನೀವು ಬಿಡಲಿಲ್ಲ."

ಆ ದೊಡ್ಡ ಸ್ಪೀಕರನ್ನ ನಾನು ಸ್ಟೂಲು ಅಂದ್ಕೊಂಡು ಅದರ ಮೇಲೇ ಬ್ಯಾಗ್ ಇಟ್ಟಿದ್ದೆ, ಕಣ್ರೀ!

ಸದ್ಯ, ಕೆಟ್ಟಿಲ್ಲವಲ್ಲ! ಟಿ. ನರಸೀಪುರದ ಮೈಕ್‌ಸೆಟ್‌ನವರು ನಾಳೆನೇ ಒಂದು ಸ್ಪೀಕರ್ ತಂದುಕೊಡ್ತೀನಿ ಅಂದ್ರು. ಹೋದ ಉಸಿರು ವಾಪಸ್ ಬಂತು ನನಗೆ. ತಿರುಗಿ ನೋಡಿದ್ರೆ ಚಿಕ್ಕಪ್ಪ ಇನ್ನೂ ನುಡಿಸ್ತಾನೇ ಇದ್ದಾರೆ, ನಿಲ್ಲಿಸಿದ್ರೆ ಮರ್ಯಾದೆ ಹೋಗ್ತದೆ ಅನ್ನೋ ಹಾಗೆ. ಟೊಕ್ ಟೊಕ್ ಟೊಕ್. ಆಗ ಜಗಲಿ ಮೇಲಿಂದ ಅಜ್ಜಿ, ಊರಿಗೆಲ್ಲ ಕೇಳೋ ಆ ದೊಡ್ಡ ಗಂಟಲಲ್ಲಿ ಅಂದ್ರು:

"ಬೋ ಚೆಂದಾಗಿ ಬಾರಿಸ್ತಾನೆ ನನ್ ಮಗ!"

ನಗ್ತಿದ್ದೋರೆಲ್ಲ ಒಬ್ಬೊಬ್ಬರಾಗಿ ನಿಲ್ಲಿಸಿದ್ರು.

ಅಜ್ಜಿಗೆ ಏನೂ ವ್ಯತ್ಯಾಸ ಗೊತ್ತಾಗಿರಲಿಲ್ಲ. ಮಗನ ಸಂಗೀತ ಅಂದ್ರೆ ಅವರ ಪಾಲಿಗೆ ಯಾವತ್ತೂ ಇಷ್ಟೇ ಇತ್ತು. ಆಡೋ ಬೆರಳು, ಮುಚ್ಚಿದ ಕಣ್ಣು, ಸುತ್ತ ಅಳೋ ಜನ. ಇಷ್ಟು ವರ್ಷ ಅದನ್ನೇ ನೋಡಿ ಚೆಂದ ಅಂತಿದ್ರು.

ನನ್ನ ಕುತ್ತಿಗೇಲಿ ಗೇಮ್ ಆಡೋ ದೊಡ್ಡ ಹೆಡ್‌ಫೋನ್ ನೇತಾಡ್ತಿತ್ತು. ಪಿಯಾನೋಗೆ ಸಿಗಿಸಿದೆ. ವಾಲ್ಯೂಮನ್ನ ತುದಿಗೆ ತಿರುಗಿಸಿ, ಅಜ್ಜಿ ಸೆರಗು ಸರಿಸಿ ಅವರ ತಲೆಗೆ ಹಾಕಿದೆ. ಅಜ್ಜಿ ಬೈಯಕ್ಕೆ ತೆರೆದ ಬಾಯಿ ತೆರೆದೇ ಇತ್ತು. ಎರಡೂ ಕೈಯಲ್ಲಿ ಹೆಡ್‌ಫೋನ್ ಒತ್ತಿ ಹಿಡ್ಕೊಂಡ್ರು.

"ಯಾರ್ಲಾ ಅದು?" ಅಂತ ಕೂಗಿದ್ರು. "ಯಾರ್ಲಾ ನುಡಿಸ್ತಿರಾದು?"

ಚಿಕ್ಕಪ್ಪ ಒಂದು ಕೈ ಎತ್ತಿ ತಮ್ಮ ಎದೆ ಮುಟ್ಕೊಂಡ್ರು.

ಅಜ್ಜಿ ಕುರ್ಚೀನ ಮುಂದಕ್ಕೆ ಜರುಗಿಸಿಕೊಂಡ್ರು. "ಎತ್ತೋವಾಗಿಂದು ನುಡ್ಸು. ಸತ್ತ ಮ್ಯಾಕೆ ನುಡಿಸಿದ್ರೆ ನಂಗೇನ್ ಕೇಳ್ತದಾ? ಈಗ್ಲೇ ನುಡ್ಸು, ಪೂರಾ."

ಚಿಕ್ಕಮ್ಮ ಬೇಡ ಅನ್ನಲಿಲ್ಲ. ಚಿಕ್ಕಪ್ಪ ನುಡಿಸಿದ್ರು. ಇದ್ದದ್ದು ಒಂದೇ ಹೆಡ್‌ಫೋನು, ಆದ್ದರಿಂದ ನುಡಿಸೋ ಅವರಿಗೂ ಒಂದು ಸ್ವರ ಕೇಳ್ತಿರಲಿಲ್ಲ. ಅವ್ವನ ಮುಖ ನೋಡ್ಕೊಂಡು, ಅದು ಹೇಳಿದ ಹಾಗೆ ನುಡಿಸ್ತಾ ಹೋದ್ರು. ಅಂಗಳದಲ್ಲಿ ಅಷ್ಟು ಜನ ಕೂತು, ಮಣೆ ಮೇಲೆ ಬೆರಳು ಬೀಳೋ ಸದ್ದನ್ನೇ ಕೇಳಿದ್ವಿ.

ಪದ ಮುಗೀತು. ಚಿಕ್ಕಪ್ಪ ಕೈ ಎತ್ತಿದ್ರು. ಕಾಲು ಮಾತ್ರ ಪೆಡಲ್ ಮೇಲೇ ಇತ್ತು. ಅದನ್ನ ಒತ್ತಿ ಹಿಡಿದಿದ್ರೆ, ಕೈ ಎತ್ತಿದ ಮೇಲೂ ಕೊನೇ ಸ್ವರ ನಿಧಾನಕ್ಕೆ ಕರಗ್ತಾ ಉಳ್ಕೊಳ್ತದೆ. ನಮಗೆ ಯಾರಿಗೂ ಏನೂ ಕೇಳ್ತಿಲ್ಲ. ಅಜ್ಜಿ ಕಣ್ಣು ಮುಚ್ಚಿ ಒಂದು ಬೆರಳೆತ್ತಿದ್ರು.

"ತಡಿ... ಇನ್ನೂ ಅದೆ."

ಚಿಕ್ಕಪ್ಪ ಕಾಲು ತೆಗೀಲಿಲ್ಲ.

"ಇನ್ನೂ ಅದೆ ಕಣ್ಲಾ... ಇನ್ನೂ ಅದೆ..."

ಬೆರಳು ಮೆಲ್ಲಗೆ ಇಳೀತು. ಅಜ್ಜಿ ಕಣ್ಣು ಬಿಟ್ಟು, "ಈಗ ಓಯ್ತು" ಅಂದ್ರು. ಚಿಕ್ಕಪ್ಪ ಉಸಿರು ಬಿಗಿ ಹಿಡಿದು ಅವರನ್ನೇ ನೋಡ್ತಿದ್ರು. ಅಜ್ಜಿ ಕುರ್ಚೀಲಿ ಆರಾಮಾಗಿ ಒರಗಿ, ಹೆಡ್‌ಫೋನನ್ನ ಇನ್ನೊಂಚೂರು ಬಿಗಿ ಮಾಡ್ಕೊಂಡ್ರು.

"ಇನ್ನೊಂದು ನುಡ್ಸು. ನಂಗೇನ್ ಅವಸ್ರ?"